ಮೆದುಳಿನ ರಕ್ತನಾಳಗಳ ಗಂಟು: ಚಿಕಿತ್ಸೆಯ ನಾಲ್ಕು ದಾರಿಗಳು



ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ರಕ್ತ ಪರಿಚಲನೆಯ ಪಾಠವಿದೆ. ಭೌತಶಾಸ್ತ್ರದಲ್ಲಿ ದ್ರವಗಳ ಹರಿವು ಮತ್ತು ಗಾಮಾ ಕಿರಣಗಳ ವಿಷಯ ಬರುತ್ತದೆ, ಗಣಿತದಲ್ಲಿ ಸಂಭವನೀಯತೆ ಬರುತ್ತದೆ. ಪರೀಕ್ಷೆಗೆಂದು ಇವನ್ನು ಬೇರೆ ಬೇರೆ ನೋಟ್ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತೇವೆ. ಆದರೆ ಇವೆಲ್ಲ ಒಟ್ಟಿಗೆ ಬೇಕಾಗುವ ಒಂದು ಕಾಯಿಲೆಯಿದೆ. ಅದು ಮೆದುಳಿನ ರಕ್ತನಾಳಗಳ ಹುಟ್ಟುದೋಷ.

ಈ ಕಾಯಿಲೆ ಅಪರೂಪ. ಹಾಗಿದ್ದರೂ ನಾವು ತಿಳಿದಿರಬೇಕಾದುದಕ್ಕೆ ಕಾರಣವಿದೆ. ಇದು ಹೆಚ್ಚಾಗಿ ಹೊರಬೀಳುವುದು 10ರಿಂದ 40ರ ವಯಸ್ಸಿನಲ್ಲಿ, ಅಂದರೆ ನಿಮ್ಮ ಮತ್ತು ನಿಮ್ಮ ಅಣ್ಣ ಅಕ್ಕಂದಿರ ವಯಸ್ಸಿನಲ್ಲಿ. ಪತ್ತೆಯಾದ ದಿನ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಆಪರೇಷನ್ ಮಾಡಿಸಬೇಕಾ, ಬೇಡವಾ?" ಈ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ವೈದ್ಯರು ಯಾವ ಲೆಕ್ಕದ ಮೇಲೆ ಉತ್ತರ ಹೇಳುತ್ತಾರೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

1. ರಕ್ತದ ದಾರಿ: ಒಂದು ಪುನರಾವಲೋಕನ

ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ ಎಡಭಾಗಕ್ಕೆ ಮರಳುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಡಮಾಸ್ಕಸ್ ಕಡೆಯ ವೈದ್ಯ ಇಬ್ನ್ ಅಲ್ ನಫೀಸ್. ದೇಹದ ಪೂರ್ಣ ಪರಿಚಲನೆಯನ್ನು 1628ರಲ್ಲಿ ವಿಲಿಯಂ ಹಾರ್ವೆ ವಿವರಿಸಿದರು. ಆದರೆ ಅಪಧಮನಿಯ ರಕ್ತ ಅಭಿಧಮನಿಗೆ ದಾಟುವುದು ಎಲ್ಲಿ ಎಂಬುದು ಹಾರ್ವೆಯವರಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಆ ಸೇತುವೆಯನ್ನು ಕಂಡರು. ಅದೇ ಲೋಮನಾಳ.

ಲೋಮನಾಳದ ಗೋಡೆ ಒಂದೇ ಜೀವಕೋಶದಷ್ಟು ದಪ್ಪ. ಆಮ್ಲಜನಕ, ಗ್ಲೂಕೋಸ್ ಅಂಗಾಂಶಕ್ಕೆ ಇಳಿಯುವುದು ಇಲ್ಲಿ. ಅಪಧಮನಿಯ ರಭಸ ತಗ್ಗಿದ ಮೇಲೆಯೇ ರಕ್ತ ತೆಳುಗೋಡೆಯ ಅಭಿಧಮನಿಗೆ ಸೇರುತ್ತದೆ. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಕೇವಲ 2. ಆದರೂ ಅದಕ್ಕೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಬೇಕು.

ಕಣ್ವ ಜಲಾಶಯದ ನಾಲೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ದೊಡ್ಡ ನಾಲೆಯಿಂದ ತೂಬಿನ ಮೂಲಕ ಸಣ್ಣ ಕಾಲುವೆಗೆ, ಅಲ್ಲಿಂದ ಗದ್ದೆಯ ಮಡಿಗೆ ಹರಿಯುತ್ತದೆ. ಅಷ್ಟರಲ್ಲಿ ರಭಸ ಅಡಗಿರುತ್ತದೆ. ಪೈರು ಕುಡಿದು ಉಳಿದ ನೀರು ಬಸಿಗಾಲುವೆಗೆ ಸೇರುತ್ತದೆ. ದೊಡ್ಡ ನಾಲೆಯನ್ನೇ ನೇರವಾಗಿ ಬಸಿಗಾಲುವೆಗೆ ತಿರುಗಿಸಿದರೆ ಏನಾಗುತ್ತದೆ? ಗದ್ದೆಗೆ ನೀರಿಲ್ಲ, ಬಸಿಗಾಲುವೆಯ ಏರಿಗೆ ಉಳಿಗಾಲವಿಲ್ಲ.

2. ಗಂಟು ಎಂದರೇನು?

ಮೆದುಳಿನ ಒಂದು ಭಾಗದಲ್ಲಿ ಲೋಮನಾಳಗಳೇ ಬೆಳೆಯದೆ, ಅಪಧಮನಿಗಳು ನೇರವಾಗಿ ಅಭಿಧಮನಿಗಳಿಗೆ ಕೂಡಿಕೊಂಡು ಗಂಟಾಗಿರುವುದನ್ನು ವೈದ್ಯರು ಎ.ವಿ.ಎಂ. ಎನ್ನುತ್ತಾರೆ. ಗಂಟಿನ ನಡುಭಾಗಕ್ಕೆ 'ನೈಡಸ್' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಗೂಡು. ರಾಮನಗರದವರಿಗೆ ಗೂಡು ಎಂದರೆ ರೇಷ್ಮೆ ಗೂಡು. ಆದರೆ ವ್ಯತ್ಯಾಸ ನೆನಪಿಡಿ. ರೇಷ್ಮೆ ಗೂಡಿನಲ್ಲಿ ಇರುವುದು ಒಂದೇ ಎಳೆ. ತುದಿ ಸಿಕ್ಕರೆ ಬಿಚ್ಚಬಹುದು. ಈ ಗೂಡಿನಲ್ಲಿ ಹಲವು ನಾಳಗಳು ಸೇರಿವೆ, ಎಲ್ಲದರಲ್ಲೂ ರಭಸದ ರಕ್ತ ಹರಿಯುತ್ತಿದೆ. ಇದನ್ನು ಬಿಚ್ಚಲಾಗದು. ತೆಗೆಯಬೇಕು, ಮುಚ್ಚಬೇಕು, ಇಲ್ಲವೇ ನೋಡಿಕೊಂಡು ಇರಬೇಕು.

ಇದೇ ಕುಟುಂಬದ ಬೇರೆ ಬಗೆಗಳೂ ಇವೆ. ಅವುಗಳ ಚಿಕಿತ್ಸೆ ಬೇರೆ.

ಕ್ಯಾವರ್ನೋಮಾ: ತೆಳುಗೋಡೆಯ ಸಣ್ಣ ಸಣ್ಣ ರಕ್ತದ ಗುಳ್ಳೆಗಳ ಗೊಂಚಲು. ನೋಡಲು ಹಿಪ್ಪುನೇರಳೆ ಹಣ್ಣಿನಂತೆ ಇರುತ್ತದೆ. ಒತ್ತಡ ಕಡಿಮೆ, ಆದ್ದರಿಂದ ರಕ್ತಸ್ರಾವವೂ ಸಾಮಾನ್ಯವಾಗಿ ಚಿಕ್ಕದು. ಕೆಲವು ಮನೆತನಗಳಲ್ಲಿ ಆನುವಂಶಿಕವಾಗಿ ಬರುತ್ತದೆ.

ಅಭಿಧಮನಿಯ ಬೆಳವಣಿಗೆಯ ವ್ಯತ್ಯಾಸ: ರಕ್ತನಾಳದ ಆಕಾರ ಬೇರೆ, ಕೆಲಸ ಸರಿಯಾಗಿದೆ. ಸ್ಕ್ಯಾನ್ ವರದಿಯಲ್ಲಿ ಇದರ ಹೆಸರು ನೋಡಿ ಹಲವರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಇದನ್ನು ಮುಟ್ಟುವುದೇ ಇಲ್ಲ. ತೆಗೆದರೆ ಆ ಭಾಗದ ರಕ್ತ ಹೊರಹೋಗುವ ದಾರಿಯೇ ಮುಚ್ಚುತ್ತದೆ.

ಮೆದುಳಿನ ಹೊದಿಕೆಯ ಫಿಸ್ಟುಲಾ: ಮೆದುಳಿನ ಹೊರಪೊರೆಯಲ್ಲಿ ಅಪಧಮನಿ ಮತ್ತು ಅಭಿಧಮನಿ ಕೂಡಿಕೊಂಡಿರುವುದು. ಇದು ಹುಟ್ಟಿನ ನಂತರ ಬರುವಂಥದು. ನಾಡಿಬಡಿತದ ಲಯದಲ್ಲೇ ಕಿವಿಯಲ್ಲಿ 'ಹುಸ್ ಹುಸ್' ಸದ್ದು ಕೇಳುವುದು ಇದರ ಒಂದು ಲಕ್ಷಣ.

ಈ ಲೇಖನದ ಮುಂದಿನ ಭಾಗ ಮುಖ್ಯವಾಗಿ ಎ.ವಿ.ಎಂ. ಕುರಿತು.

3. ಪತ್ತೆಯಾಗುವುದು ಹೇಗೆ?

ಸುಮಾರು ಅರ್ಧದಷ್ಟು ಜನರಲ್ಲಿ ಮೊದಲ ಸೂಚನೆಯೇ ರಕ್ತಸ್ರಾವ. ಇದ್ದಕ್ಕಿದ್ದಂತೆ ಸಿಡಿಲು ಬಡಿದಂತಹ ತಲೆನೋವು, ವಾಂತಿ, ಪ್ರಜ್ಞೆ ತಪ್ಪುವುದು, ಒಂದು ಕಡೆಯ ಕೈಕಾಲು ಬೀಳುವುದು ಇದರ ಲಕ್ಷಣಗಳು. ವಯಸ್ಸಾದವರಿಗೆ ಮಾತ್ರ ಲಕ್ವ ಹೊಡೆಯುತ್ತದೆ ಎಂಬ ನಂಬಿಕೆ ತಪ್ಪು. ಉಳಿದವರಲ್ಲಿ ಅನೇಕರಿಗೆ ಮೊದಲು ಬರುವುದು ಫಿಟ್ಸ್. ಇನ್ನು ಕೆಲವರಲ್ಲಿ, ಬೈಕಿನಿಂದ ಬಿದ್ದು ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ.

ಹೊಸ ರಕ್ತಸ್ರಾವವನ್ನು ಸಿ.ಟಿ. ಸ್ಕ್ಯಾನ್ ನಿಮಿಷಗಳಲ್ಲಿ ತೋರಿಸುತ್ತದೆ. ಗಂಟು ಮೆದುಳಿನ ಯಾವ ಭಾಗದಲ್ಲಿದೆ ಎಂದು ಎಂ.ಆರ್.ಐ. ಹೇಳುತ್ತದೆ. ಯಾವ ಅಪಧಮನಿ ರಕ್ತ ತರುತ್ತಿದೆ, ಯಾವ ಅಭಿಧಮನಿ ಒಯ್ಯುತ್ತಿದೆ ಎಂದು ಸ್ಪಷ್ಟವಾಗಿ ತಿಳಿಯಲು ಆಂಜಿಯೋಗ್ರಾಂ ಬೇಕು. ತೊಡೆಯ ಸಂದಿಯ ಅಥವಾ ಮುಂಗೈಯ ಅಪಧಮನಿಯಿಂದ ತೆಳು ಕೊಳವೆ ತೂರಿಸಿ, ಔಷಧಿ ಬಿಟ್ಟು, ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಮೆದುಳಿನ ಆಂಜಿಯೋಗ್ರಾಂ ಅನ್ನು 1927ರಲ್ಲಿ ಮೊದಲು ಮಾಡಿ ತೋರಿಸಿದವರು ಪೋರ್ಚುಗಲ್‌ನ ಎಗಾಸ್ ಮೋನಿಜ್.

4. ಅಪಾಯದ ಲೆಕ್ಕ

ಇನ್ನೂ ಒಡೆಯದ ಗಂಟಿನಿಂದ ರಕ್ತಸ್ರಾವವಾಗುವ ಸಂಭವ ವರ್ಷಕ್ಕೆ ನೂರಕ್ಕೆ ಸುಮಾರು 2ರಿಂದ 4 ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಒಮ್ಮೆ ಒಡೆದಿದ್ದರೆ ಮತ್ತೆ ಒಡೆಯುವ ಸಂಭವ ಹೆಚ್ಚು, ಅದರಲ್ಲೂ ಮೊದಲ ವರ್ಷದಲ್ಲಿ. ಪ್ರತಿ ರಕ್ತಸ್ರಾವದಲ್ಲಿ ಹತ್ತರಲ್ಲಿ ಒಬ್ಬರು ಸಾಯುವ, ಇನ್ನೂ ಕೆಲವರಿಗೆ ಶಾಶ್ವತ ಊನ ಉಳಿಯುವ ಅಪಾಯವಿದೆ.

"ನೂರಕ್ಕೆ 3 ತಾನೇ, ಬಿಡಿ" ಎನ್ನಬಹುದೇ? ಲೆಕ್ಕ ಮಾಡೋಣ. ಒಂದು ವರ್ಷ ರಕ್ತಸ್ರಾವ ಆಗದಿರುವ ಸಂಭವನೀಯತೆ 0.97. ಪ್ರತಿ ವರ್ಷವೂ ಇದೇ ಅಪಾಯ ಎಂದುಕೊಂಡರೆ, 50 ವರ್ಷ ಆಗದಿರುವ ಸಂಭವನೀಯತೆ 0.97 ಅನ್ನು 50 ಸಲ ಗುಣಿಸಿದಷ್ಟು, ಅಂದರೆ ಸುಮಾರು 0.22. ಆದ್ದರಿಂದ 18 ವರ್ಷದ ವಿದ್ಯಾರ್ಥಿಗೆ ಮುಂದಿನ 50 ವರ್ಷಗಳಲ್ಲಿ ಒಮ್ಮೆಯಾದರೂ ರಕ್ತಸ್ರಾವವಾಗುವ ಸಂಭವ ನೂರಕ್ಕೆ 78. ಅದೇ ಗಂಟು 70 ವರ್ಷದ ಅಜ್ಜನಲ್ಲಿದ್ದು, ಮುಂದಿನ 10 ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 26.

ಗಂಟು ಒಂದೇ, ವಾರ್ಷಿಕ ಅಪಾಯವೂ ಒಂದೇ, ಆದರೆ ನಿರ್ಧಾರ ಬೇರೆಯಾಗಬಹುದು. ತಾತನಿಗೆ "ಏನೂ ಮಾಡುವುದು ಬೇಡ" ಎಂದ ವೈದ್ಯರು ಮೊಮ್ಮಗನಿಗೆ "ಚಿಕಿತ್ಸೆ ಬೇಕು" ಎಂದರೆ ಅದರಲ್ಲಿ ವಿರೋಧವಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಚಿಕಿತ್ಸೆಯ ಅಪಾಯ. ಇದನ್ನು ಅಳೆಯಲು 1986ರಲ್ಲಿ ಸ್ಪೆಟ್ಜ್ಲರ್ ಮತ್ತು ಮಾರ್ಟಿನ್ ಎಂಬ ಶಸ್ತ್ರವೈದ್ಯರು ಒಂದು ಸರಳ ಅಂಕಪಟ್ಟಿ ಕೊಟ್ಟರು.

ಗಾತ್ರ: 3 ಸೆಂ.ಮೀ.ಗಿಂತ ಚಿಕ್ಕದಾದರೆ 1 ಅಂಕ, 3ರಿಂದ 6 ಸೆಂ.ಮೀ. ಇದ್ದರೆ 2, ಅದಕ್ಕೂ ದೊಡ್ಡದಾದರೆ 3.
ಜಾಗ: ಮಾತು, ದೃಷ್ಟಿ, ಕೈಕಾಲಿನ ಚಲನೆಯಂತಹ ಮುಖ್ಯ ಕೆಲಸದ ಭಾಗದಲ್ಲಿದ್ದರೆ 1, ಇಲ್ಲದಿದ್ದರೆ 0.
ಹೊರಹರಿವು: ಮೆದುಳಿನ ಆಳದ ಅಭಿಧಮನಿಗೆ ಹರಿಯುತ್ತಿದ್ದರೆ 1, ಮೇಲ್ಮೈಗೆ ಮಾತ್ರವಾದರೆ 0.

ಮೂರನ್ನೂ ಕೂಡಿದರೆ 1ರಿಂದ 5ರವರೆಗಿನ ದರ್ಜೆ ಸಿಗುತ್ತದೆ. ಇಲ್ಲಿ ಹೆಚ್ಚು ಅಂಕ ಬಂದರೆ ಸಂತೋಷಪಡುವಂತಿಲ್ಲ. ದರ್ಜೆ ಏರಿದಷ್ಟೂ ಶಸ್ತ್ರಚಿಕಿತ್ಸೆಯ ಅಪಾಯ ಏರುತ್ತದೆ.

5. ನಾಲ್ಕು ದಾರಿಗಳು

ಮೊದಲನೆಯದು, ಶಸ್ತ್ರಚಿಕಿತ್ಸೆ. ತಲೆಬುರುಡೆಯ ಒಂದು ಭಾಗವನ್ನು ತೆರೆದು, ಸೂಕ್ಷ್ಮದರ್ಶಕದ ಕೆಳಗೆ ಗಂಟನ್ನು ಬಿಡಿಸಿ ತೆಗೆಯುತ್ತಾರೆ. ಈ ಸೂಕ್ಷ್ಮ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಮುಖ್ಯರು ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ಟರ್ಕಿಯ ಗಾಜಿ ಯಾಸರ್ಗಿಲ್. ಇಲ್ಲಿ ಕೆಲಸದ ಕ್ರಮವೇ ಜೀವಾಳ. ರಕ್ತ ತರುವ ಅಪಧಮನಿಗಳನ್ನು ಒಂದೊಂದಾಗಿ ಮುಚ್ಚಿ, ಒಯ್ಯುವ ಅಭಿಧಮನಿಯನ್ನು ಕೊನೆಯಲ್ಲಿ ಕತ್ತರಿಸಬೇಕು. ನಾಲೆಯ ತೂಬು ತೆರೆದಿರುವಾಗಲೇ ಬಸಿಗಾಲುವೆಯನ್ನು ಕಟ್ಟಿದರೆ ಏರಿ ಒಡೆಯುವಂತೆ, ಕ್ರಮ ತಪ್ಪಿದರೆ ಗಂಟು ಅಲ್ಲೇ ಒಡೆಯುತ್ತದೆ. ಇದರ ದೊಡ್ಡ ಲಾಭವೆಂದರೆ, ಪೂರ್ತಿ ತೆಗೆದರೆ ಅಪಾಯ ಅಂದೇ ಮುಗಿಯುತ್ತದೆ. 1 ಮತ್ತು 2ನೇ ದರ್ಜೆಗೆ, ಅದರಲ್ಲೂ ಒಮ್ಮೆ ರಕ್ತಸ್ರಾವ ಆಗಿರುವವರಿಗೆ, ಅನುಭವಿ ತಂಡವಿದ್ದರೆ ಇದು ಒಳ್ಳೆಯ ದಾರಿ.

ಎರಡನೆಯದು, ಎಂಬೊಲೈಸೇಷನ್. ಆಂಜಿಯೋಗ್ರಾಂನಂತೆಯೇ ಕೂದಲೆಳೆಯಂತಹ ಕೊಳವೆಯನ್ನು ಗಂಟಿನವರೆಗೆ ಒಯ್ದು, ಬೇಗ ಗಟ್ಟಿಯಾಗುವ ಅಂಟಿನಂತಹ ದ್ರವವನ್ನು ಒಳಗೆ ಬಿಟ್ಟು ನಾಳಗಳನ್ನು ಮುಚ್ಚುತ್ತಾರೆ. ತಲೆ ತೆರೆಯುವುದಿಲ್ಲ. ಆದರೆ ಎ.ವಿ.ಎಂ.ಗೆ ಇದೊಂದರಿಂದಲೇ ಪೂರ್ತಿ ಗುಣವಾಗುವುದು ಕೆಲವರಿಗೆ ಮಾತ್ರ. ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತದ ಹರಿವು ತಗ್ಗಿಸಲು ಬಳಸುತ್ತಾರೆ. ಅಂಟು ಮುಂದೆ ಹರಿದು ಅಭಿಧಮನಿಯನ್ನು ಮುಚ್ಚಿದರೆ ಅಥವಾ ಪಕ್ಕದ ಒಳ್ಳೆಯ ಅಪಧಮನಿಗೆ ನುಗ್ಗಿದರೆ ತೊಂದರೆ. ಮೇಲೆ ಹೇಳಿದ ಹೊದಿಕೆಯ ಫಿಸ್ಟುಲಾಕ್ಕೆ ಮಾತ್ರ ಹಲವು ಸಲ ಇದೇ ಮುಖ್ಯ ಚಿಕಿತ್ಸೆ.

ಮೂರನೆಯದು, ಗಾಮಾ ನೈಫ್. ನೈಫ್ ಎಂದರೆ ಚಾಕು, ಆದರೆ ಇಲ್ಲಿ ಚಾಕುವೇ ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಯಂತ್ರ ಬಂತು. ಯಂತ್ರದೊಳಗೆ ಕೋಬಾಲ್ಟ್-60ರ ಸುಮಾರು 200 ಆಕರಗಳಿವೆ. ಒಂದೊಂದರಿಂದ ಹೊರಡುವ ಕಿರಣ ದುರ್ಬಲ, ದಾರಿಯ ಮೆದುಳಿಗೆ ಹೆಚ್ಚು ಹಾನಿ ಮಾಡುವುದಿಲ್ಲ. ಭೂತಗನ್ನಡಿಯಲ್ಲಿ ಬಿಸಿಲು ಒಂದು ಚುಕ್ಕೆಗೆ ಕೂಡಿ ಕಾಗದವನ್ನು ಸುಡುವಂತೆ, ಎಲ್ಲ ಕಿರಣಗಳೂ ಸೇರುವ ಬಿಂದುವಿನಲ್ಲಿ ಮಾತ್ರ ಪ್ರಮಾಣ ದೊಡ್ಡದಾಗುತ್ತದೆ. ತಲೆಗೆ ಲೋಹದ ಚೌಕಟ್ಟು ಬಿಗಿದು ಆ ಬಿಂದುವನ್ನು ಗಂಟಿನ ಮೇಲೆ ನಿಖರವಾಗಿ ನಿಲ್ಲಿಸುತ್ತಾರೆ.

ಕಿರಣ ಬಿದ್ದ ನಾಳಗಳ ಒಳಗೋಡೆ ನಿಧಾನವಾಗಿ ದಪ್ಪವಾಗಿ, ಕೊನೆಗೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ 2ರಿಂದ 3 ವರ್ಷ ಬೇಕು. 3 ಸೆಂ.ಮೀ. ಒಳಗಿನ ಗಂಟುಗಳಲ್ಲಿ ನೂರಕ್ಕೆ ಸುಮಾರು 70ರಿಂದ 80 ಪೂರ್ತಿ ಮುಚ್ಚುತ್ತವೆ. ಆಳದಲ್ಲಿರುವ, ಚಾಕು ಮುಟ್ಟಬಾರದ ಜಾಗದ ಚಿಕ್ಕ ಗಂಟಿಗೆ ಇದು ಸೂಕ್ತ. ಆದರೆ ಮುಚ್ಚುವವರೆಗೆ ರಕ್ತಸ್ರಾವದ ಅಪಾಯ ಹಾಗೇ ಇರುತ್ತದೆ. ನಮ್ಮ ಲೆಕ್ಕದಲ್ಲೇ ಹೇಳುವುದಾದರೆ 3 ವರ್ಷಕ್ಕೆ ಅದು ನೂರಕ್ಕೆ ಸುಮಾರು 9. "ಗಾಮಾ ಆಯಿತು, ಇನ್ನು ಭಯವಿಲ್ಲ" ಎಂದು ಮರುತಪಾಸಣೆ ಬಿಡುವುದು ದೊಡ್ಡ ತಪ್ಪು. ಕೆಲವರಲ್ಲಿ ಕಿರಣದಿಂದ ಸುತ್ತಲಿನ ಮೆದುಳು ಊದಿಕೊಳ್ಳುವುದೂ ಉಂಟು.

ನಾಲ್ಕನೆಯದು, ಕಾಯುವುದು. ಇದು ಕೈಚೆಲ್ಲಿ ಕೂರುವುದಲ್ಲ. ಫಿಟ್ಸ್‌ಗೆ ಮಾತ್ರೆ, ರಕ್ತದೊತ್ತಡದ ಹತೋಟಿ, ವೈದ್ಯರು ಹೇಳಿದ ಅವಧಿಗೆ ಸ್ಕ್ಯಾನ್, ಇವೆಲ್ಲ ಸೇರಿದ ಕ್ರಮ. 4 ಮತ್ತು 5ನೇ ದರ್ಜೆಯ, ಇನ್ನೂ ಒಡೆಯದ ಗಂಟುಗಳಿಗೆ ಹೆಚ್ಚಾಗಿ ಇದನ್ನೇ ಹೇಳುತ್ತಾರೆ. ಲಕ್ಷಣವಿಲ್ಲದ ಕ್ಯಾವರ್ನೋಮಾಕ್ಕೂ ಸಾಮಾನ್ಯವಾಗಿ ಇದೇ ದಾರಿ.

6. ಒಂದು ಅಧ್ಯಯನ, ಎರಡು ಪಾಠ

'ಅರೂಬಾ' ಎಂಬ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಒಡೆಯದ ಎ.ವಿ.ಎಂ. ಇದ್ದ 223 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. 109 ಮಂದಿಗೆ ಔಷಧಿ ಮತ್ತು ನಿಗಾ ಮಾತ್ರ. 114 ಮಂದಿಗೆ ಅದರ ಜೊತೆಗೆ ಮೇಲಿನ ಮೂರು ಚಿಕಿತ್ಸೆಗಳಲ್ಲಿ ಒಂದೋ ಹೆಚ್ಚೋ. ಸರಾಸರಿ 33 ತಿಂಗಳಲ್ಲಿ ಮೊದಲ ಗುಂಪಿನ 11 ಮಂದಿಗೆ ಪಾರ್ಶ್ವವಾಯು ಅಥವಾ ಸಾವು, ಎರಡನೆಯ ಗುಂಪಿನಲ್ಲಿ 35 ಮಂದಿಗೆ. ಅಂದರೆ ನೂರಕ್ಕೆ 10 ಮತ್ತು 31.

ಹಾಗಾದರೆ ಚಿಕಿತ್ಸೆಯೇ ಬೇಡವೇ? ಅನೇಕ ಶಸ್ತ್ರವೈದ್ಯರು ಈ ತೀರ್ಮಾನವನ್ನು ಪ್ರಶ್ನಿಸಿದರು. ಚಿಕಿತ್ಸೆಯ ಅಪಾಯ ಮೊದಲ ದಿನಗಳಲ್ಲೇ ಬರುತ್ತದೆ, ಲಾಭ ಹತ್ತಾರು ವರ್ಷಗಳಲ್ಲಿ ಹರಡಿ ಬರುತ್ತದೆ. 33 ತಿಂಗಳು ಸಾಲದು ಎಂಬುದು ಅವರ ವಾದ. ಹಲವು ಬಗೆಯ ಚಿಕಿತ್ಸೆಗಳನ್ನು ಒಂದೇ ಗುಂಪಿಗೆ ಹಾಕಿದ್ದಕ್ಕೂ ಆಕ್ಷೇಪ ಬಂತು. ನಮಗೆ ಇಲ್ಲಿ ಎರಡು ಪಾಠಗಳಿವೆ. ಒಡೆಯದ ಗಂಟಿಗೆ ಆತುರದ ಚಿಕಿತ್ಸೆ ಹಾನಿ ಮಾಡಬಹುದು. ಒಡೆದ ಗಂಟಿಗೆ ಈ ಅಧ್ಯಯನ ಅನ್ವಯಿಸುವುದೇ ಇಲ್ಲ. ಅಲ್ಲಿ ತಡಮಾಡುವುದೇ ಹಾನಿ.

7. ನಮ್ಮ ತಾಲ್ಲೂಕುಗಳಿಂದ ಹೋಗುವುದೆಲ್ಲಿಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರಿಗೆ ಹತ್ತಿರದ ಊರುಗಳು. ಅಲ್ಲಿ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆ, ಎಂಬೊಲೈಸೇಷನ್, ಗಾಮಾ ನೈಫ್ ಮೂರೂ ಒಂದೇ ಆವರಣದಲ್ಲಿವೆ. ಇದು ಮುಖ್ಯ. ಒಂದೇ ಚಿಕಿತ್ಸೆ ಇರುವಲ್ಲಿ ಅದನ್ನೇ ಹೇಳುವ ಸಾಧ್ಯತೆ ಇರುತ್ತದೆ. ಮೂರೂ ವಿಭಾಗದವರು ಕೂಡಿ ನೋಡುವಲ್ಲಿ ಹೋಲಿಸಿ ಹೇಳಬಹುದು.

ಆದರೆ ಆ ಹೆಸರು ಕೇಳಿದರೆ ಹಿಂಜರಿಯುವವರು ಇನ್ನೂ ಇದ್ದಾರೆ. "ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ" ಎಂದು ತರಗತಿಯಲ್ಲಿ ತಮಾಷೆ ಮಾಡುವುದನ್ನು ನೀವೂ ಕೇಳಿರುತ್ತೀರಿ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ರಾಜ್ಯದ ಮಾನಸಿಕ ಆಸ್ಪತ್ರೆ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು. ಅದರ ಸ್ಥಾಪಕ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರೇ ನರಶಸ್ತ್ರವೈದ್ಯರು. ಹೆಸರಿನಲ್ಲೇ ಮಾನಸಿಕ ಆರೋಗ್ಯದ ಜೊತೆ ನರವಿಜ್ಞಾನವೂ ಇದೆ. ಮನಸ್ಸಿನ ಕಾಯಿಲೆಗೆ ಹೋದರೂ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮೆದುಳಿನ ರಕ್ತನಾಳದ ಕಾಯಿಲೆಗೆ ಹೋಗಲು ನಾಚಿ ತಡಮಾಡಿದರೆ ಮಾತ್ರ ಪ್ರಾಣಕ್ಕೇ ಅಪಾಯ. ತಮಾಷೆಯ ಆ ಮಾತನ್ನು ನಾವು ಬಿಡುವುದು ಒಳ್ಳೆಯದು.

ಖರ್ಚಿನ ಚಿಂತೆ ಎಲ್ಲ ಮನೆಗಳಲ್ಲೂ ಇದೆ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ತುರ್ತು ಸಂದರ್ಭದಲ್ಲಿ ಬೇಡ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಯಾವ ಚಿಕಿತ್ಸೆಗೆ ಎಷ್ಟು ನೆರವು ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

8. ಫಿಟ್ಸ್ ಬಂದಾಗ ನಾವು ಮಾಡಬೇಕಾದದ್ದು

ತರಗತಿಯಲ್ಲೋ ಬಸ್ಸಿನಲ್ಲೋ ಯಾರಿಗಾದರೂ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕುತ್ತಿಗೆಯ ಬಳಿಯ ಬಟ್ಟೆ ಸಡಿಲಿಸಿ, ಸಮಯ ನೋಡಿಕೊಳ್ಳಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಕೈಗೆ ಕಬ್ಬಿಣದ ಕೀಲಿ ಕೊಡುವುದರಿಂದ ಏನೂ ಆಗುವುದಿಲ್ಲ. ಫಿಟ್ಸ್ ಹೆಚ್ಚಾಗಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಮಾತ್ರ ಕೀಲಿಗೆ. ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ ಅಥವಾ ಮೊದಲ ಸಲ ಬಂದಿದ್ದರೆ 108ಕ್ಕೆ ಕರೆ ಮಾಡಿ.

ಗಾಳಿ ಸೋಕಿದೆ, ದೃಷ್ಟಿ ತಗುಲಿದೆ ಎಂದು ತಿಂಗಳುಗಟ್ಟಲೆ ತಿರುಗುವ ಮನೆಗಳು ಎಲ್ಲ ಸಮುದಾಯಗಳಲ್ಲೂ ಇವೆ. ಹೆಣ್ಣುಮಕ್ಕಳಾದರೆ ಮದುವೆಗೆ ತೊಂದರೆಯಾದೀತೆಂದು ಮುಚ್ಚಿಡುವುದೂ ಇದೆ. ದುಆ, ಪ್ರಾರ್ಥನೆ ಮನೆಯವರಿಗೆ ಧೈರ್ಯ ಕೊಡುತ್ತವೆ. ಅದರ ಜೊತೆಗೇ ಸ್ಕ್ಯಾನ್ ಮಾಡಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ರಮಜಾನ್ ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕೇಳಬೇಕು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ. ಮಾತ್ರೆ ತಪ್ಪಿಸಿದ ಮೆದುಳು ವಿನಾಯಿತಿ ಕೊಡುವುದಿಲ್ಲ.

9. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಮನೆಯಲ್ಲಿ ವರದಿ ಓದಬಲ್ಲವರು ನೀವೇ ಆಗಿರಬಹುದು. ಅಮ್ಮಿ, ಅಬ್ಬಾ ಅಥವಾ ಅಪ್ಪ, ಅಮ್ಮನ ಜೊತೆ ಹೋದಾಗ ಇಷ್ಟನ್ನು ಕೇಳಿ: ಇದು ಯಾವ ಬಗೆಯ ದೋಷ? ರಕ್ತಸ್ರಾವ ಆಗಿದೆಯೇ? ದರ್ಜೆ ಎಷ್ಟು? ಈ ವಯಸ್ಸಿಗೆ ಕಾಯುವುದರ ಅಪಾಯವೆಷ್ಟು, ಚಿಕಿತ್ಸೆಯ ಅಪಾಯವೆಷ್ಟು? ಬೇರೆ ದಾರಿಗಳನ್ನು ಬಿಟ್ಟು ಇದನ್ನೇ ಏಕೆ ಹೇಳುತ್ತಿದ್ದೀರಿ? ಗಂಟು ಒಡೆದಿಲ್ಲವಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಾಮಾನ್ಯವಾಗಿ ಸಮಯವಿರುತ್ತದೆ.

ಅಭ್ಯಾಸಕ್ಕೆ

1. ಗಂಟಿನ ಗಾತ್ರ 4 ಸೆಂ.ಮೀ., ಮುಖ್ಯ ಕೆಲಸದ ಭಾಗದಲ್ಲಿಲ್ಲ, ಆಳದ ಅಭಿಧಮನಿಗೆ ಹರಿಯುತ್ತದೆ. ದರ್ಜೆ ಎಷ್ಟು?
2. ವಾರ್ಷಿಕ ಅಪಾಯ ನೂರಕ್ಕೆ 3 ಇದ್ದರೆ, 30 ವರ್ಷಗಳಲ್ಲಿ ಒಮ್ಮೆಯಾದರೂ ರಕ್ತಸ್ರಾವವಾಗುವ ಸಂಭವ ಎಷ್ಟು?
3. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ಹೊಸ ಆಕರದಲ್ಲಿ 30 ನಿಮಿಷ ಹಿಡಿಯುವ ಚಿಕಿತ್ಸೆಗೆ 5.27 ವರ್ಷದ ನಂತರ ಎಷ್ಟು ಹೊತ್ತು ಬೇಕು?
4. ಶಸ್ತ್ರಚಿಕಿತ್ಸೆಯಲ್ಲಿ ಅಭಿಧಮನಿಯನ್ನು ಕೊನೆಗೆ ಕತ್ತರಿಸುವುದೇಕೆ? ಎರಡು ವಾಕ್ಯಗಳಲ್ಲಿ ಬರೆಯಿರಿ.

ಉತ್ತರ: 1) 3ನೇ ದರ್ಜೆ. 2) ನೂರಕ್ಕೆ ಸುಮಾರು 60. 3) 60 ನಿಮಿಷ. 4) ಐದನೆಯ ಭಾಗವನ್ನು ಮತ್ತೊಮ್ಮೆ ಓದಿ.